ರೆಕಾರ್ಡಿಂಗ್ ಒಡೆದು ಬಂದರೆ ಏನು ಮಾಡಬೇಕು? ಕಂಪ್ಯೂಟರ್ ಟ್ಯೂನರ್ ಬಳಸುವವರ ಪ್ರಶ್ನೆಗಳಿಗೆ ಉತ್ತರ

ಕಂಪ್ಯೂಟರಿಗೆ ಟ್ಯೂನರ್ (ಟಿ.ವಿ. ಸಿಗ್ನಲ್ ಹಿಡಿದುಕೊಡುವ ಸಾಧನ) ಜೋಡಿಸಿ ಟಿ.ವಿ. ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಕೊಳ್ಳುವ ಓದುಗರ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ದೂರು ಹೆಚ್ಚುಕಮ್ಮಿ ಒಂದೇ: ಚಿತ್ರ ಒಡೆಯುತ್ತದೆ, ಮಾತು ನುಂಗಿಹೋಗುತ್ತದೆ. ಕಾರಣ ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು. ಹೊಸ ಟ್ಯೂನರ್ ಕೊಳ್ಳಲು ಹೊರಟವರು ಸ್ವಲ್ಪ ತಡೆಯಿರಿ. ಮಾಹಿತಿ ಕಳೆದುಹೋದದ್ದು ಟ್ಯೂನರಿಗೆ ಬರುವ ಮುಂಚೆಯೋ, ಟ್ಯೂನರ್ ದಾಟಿದ ಮೇಲೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಪ್ರಶ್ನೆ: ಡಿಡಿ ಫ್ರೀ ಡಿಶ್‌ನ ಡಿಶ್‌ಗೆ ಯುಎಸ್‌ಬಿ ಟ್ಯೂನರ್ ಜೋಡಿಸಿ ಚಂದನ ವಾಹಿನಿಯ ಸಂಗೀತ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡುತ್ತೇನೆ. ಐದು ಹತ್ತು ನಿಮಿಷಕ್ಕೊಮ್ಮೆ ಚಿತ್ರ ಚೌಕ ಚೌಕವಾಗಿ ಒಡೆದು, ಹಾಡು ಅರೆಗಳಿಗೆ ಕಡಿದುಹೋಗುತ್ತದೆ. ಅದೇ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್‌ಗೆ ಚೆನ್ನಾಗಿಯೇ ಬರುತ್ತದೆ. ಟ್ಯೂನರ್ ಕೆಟ್ಟಿದೆಯೇ? (ಹಾಸನದ ಓದುಗರು)

ಉತ್ತರ: ಟ್ಯೂನರ್ ಮೇಲೆ ಈಗಲೇ ತಪ್ಪು ಹೊರಿಸಬೇಡಿ. ಚಿತ್ರ ಒಡೆದ ಜಾಗದ ನಿಮಿಷ, ಸೆಕೆಂಡು ಬರೆದಿಟ್ಟುಕೊಂಡು, ಅದೇ ಕಡತವನ್ನು ವಿಎಲ್‌ಸಿಯಂಥ ಬೇರೊಂದು ಪ್ಲೇಯರ್‌ನಲ್ಲಿ ಇನ್ನೊಮ್ಮೆ ಹಾಕಿ ನೋಡಿ. ಅದೇ ಸೆಕೆಂಡಿನಲ್ಲಿ ಅದೇ ರೀತಿ ಒಡೆದರೆ ದೋಷ ಕಡತದೊಳಗೇ ಇದೆ. ಎರಡನೇ ಸಲ ಸರಿಯಾಗಿ ಬಂದರೆ ರೆಕಾರ್ಡಿಂಗ್ ಚೆನ್ನಾಗಿದೆ, ತೋರಿಸುವ ಕಂಪ್ಯೂಟರ್ ಅಥವಾ ಅದರ ಗ್ರಾಫಿಕ್ಸ್ ಡ್ರೈವರ್ ಏದುತ್ತಿದೆ ಎಂದರ್ಥ. ಕೆಲವರು ಈ ಒಂದು ಪರೀಕ್ಷೆ ಬಿಟ್ಟು ಡಿಶ್ ತಿರುಗಿಸಲು ಹೋಗಿ, ಇದ್ದ ಸಿಗ್ನಲನ್ನೂ ಕಳೆದುಕೊಂಡಿದ್ದಾರೆ.

ದೋಷ ಕಡತದಲ್ಲೇ ಇದೆ ಎಂದಿಟ್ಟುಕೊಳ್ಳೋಣ. ಉಪಗ್ರಹದಿಂದ ಬರುವ ಡಿಜಿಟಲ್ ಪ್ರವಾಹ 188 ಬೈಟ್‌ಗಳ ಪುಟ್ಟ ಪ್ಯಾಕೆಟ್‌ಗಳಾಗಿ ಬರುತ್ತದೆ. ಪ್ರತಿ ಪ್ಯಾಕೆಟ್‌ನ ತಲೆಬರಹದಲ್ಲಿ ಅದು ಯಾವ ಚಿತ್ರಕ್ಕೆ ಅಥವಾ ಯಾವ ಧ್ವನಿಗೆ ಸೇರಿದ್ದು ಎಂಬ ಗುರುತು ಇರುತ್ತದೆ. ಜೊತೆಗೆ 0ಯಿಂದ 15ರವರೆಗೆ ಎಣಿಸಿ ಮತ್ತೆ 0ಗೆ ಬರುವ ಒಂದು ಸರಣಿ ಸಂಖ್ಯೆ. 'ಈ ಪ್ಯಾಕೆಟ್ ಕೆಟ್ಟಿದೆ' ಎಂದು ಟ್ಯೂನರ್ ಗುರುತು ಹಾಕಲು ಇರುವ ಒಂದು ಬಿಟ್ ಕೂಡ ಅಲ್ಲೇ ಇದೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ದಾಖಲೆಯಲ್ಲಿ '3 ಬರಬೇಕಿತ್ತು, 7 ಬಂತು' ಎಂಬ ಅರ್ಥದ ಸಾಲು ಕಂಡರೆ 3, 4, 5, 6 ಸಂಖ್ಯೆಯ ನಾಲ್ಕು ಪ್ಯಾಕೆಟ್ ಕಾಣೆಯಾಗಿವೆ. ಎಣಿಕೆ 16ಕ್ಕೊಮ್ಮೆ ಮರುಕಳಿಸುವುದರಿಂದ ಅದು 20 ಅಥವಾ 36 ಕೂಡ ಆಗಿರಬಹುದು. ಕಳೆದದ್ದು ನಾಲ್ಕೇ ಪ್ಯಾಕೆಟ್ ಆದರೂ ಪೂರ್ಣ ಚೌಕಟ್ಟಿಗೆ (ಇಡೀ ಚಿತ್ರವನ್ನು ಹೊತ್ತು ತರುವ ಫ್ರೇಮ್; ಉಳಿದವು ಬದಲಾವಣೆಗಳನ್ನಷ್ಟೇ ತರುತ್ತವೆ) ಪೆಟ್ಟು ಬಿದ್ದರೆ ಮುಂದಿನ ಪೂರ್ಣ ಚೌಕಟ್ಟು ಬರುವವರೆಗೆ ಚಿತ್ರ ಸರಿಹೋಗುವುದಿಲ್ಲ. ಚಿತ್ರ ಕುಗ್ಗಿಸುವ ಹಳೆಯ ವಿಧಾನವಾದ ಎಂಪೆಗ್-2ರಲ್ಲಿ ಪೂರ್ಣ ಚೌಕಟ್ಟು ಸಾಮಾನ್ಯವಾಗಿ 12 ಚೌಕಟ್ಟಿಗೊಂದು, ಅಂದರೆ ಸುಮಾರು ಅರ್ಧ ಸೆಕೆಂಡಿಗೊಂದು. ಹೊಸ ವಿಧಾನವಾದ ಎಂಪೆಗ್-4 ಬಳಸುವ ವಾಹಿನಿಗಳಲ್ಲಿ ಆ ಅಂತರ ಇನ್ನೂ ಹೆಚ್ಚು. ಹಾಗಾಗಿಯೇ ಅಲ್ಲಿ ಒಮ್ಮೆ ಒಡೆದ ಚಿತ್ರ ಬಹಳ ಹೊತ್ತು ಕಲಸಿಕೊಂಡೇ ಇರುತ್ತದೆ.

ಲಿನಕ್ಸ್‌ನಲ್ಲಿ ಟಿವಿಹೆಡೆಂಡ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದರ ಸ್ಟೇಟಸ್ ಪುಟದಲ್ಲಿ ಸಿಗ್ನಲ್, ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಬಲವಾಗಿದೆ ಎಂಬ ಅಂಕಿ) ಜೊತೆಗೆ ಸರಿಪಡಿಸಲಾಗದ ಬ್ಲಾಕ್‌ಗಳು, ಟ್ರಾನ್ಸ್‌ಪೋರ್ಟ್ ದೋಷ, ಕಂಟಿನ್ಯುಯಿಟಿ ದೋಷ (ಸರಣಿ ಸಂಖ್ಯೆ ತಪ್ಪಿದ್ದು) ಎಂಬ ಅಂಕಣಗಳಿವೆ. ವಿಂಡೋಸ್‌ನ ಹೆಚ್ಚಿನ ಟಿ.ವಿ. ಸಾಫ್ಟ್‌ವೇರ್‌ಗಳಲ್ಲೂ ಇಂಥದ್ದೊಂದು ಕಿಟಕಿ ಇದೆ. ಒಂದು ಗಂಟೆ ರೆಕಾರ್ಡ್ ಮಾಡಿ, ಆಮೇಲೆ ಈ ಅಂಕಿಗಳನ್ನು ನೋಡಿ. ಸರಿಪಡಿಸಲಾಗದ ಬ್ಲಾಕ್‌ಗಳೂ ಕಂಟಿನ್ಯುಯಿಟಿ ದೋಷಗಳೂ ಒಟ್ಟಿಗೆ ಏರಿದ್ದರೆ ತೊಂದರೆ ಡಿಶ್, ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಪುಟ್ಟ ಸಾಧನ) ಅಥವಾ ಕೇಬಲ್‌ನಲ್ಲಿದೆ. ಮೊದಲನೆಯದು ಸೊನ್ನೆಯಲ್ಲೇ ಇದ್ದು ಕಂಟಿನ್ಯುಯಿಟಿ ದೋಷ ಮಾತ್ರ ಏರಿದ್ದರೆ ಟ್ಯೂನರ್ ಸರಿಯಾಗಿ ಹಿಡಿದ ಪ್ಯಾಕೆಟನ್ನು ಕಂಪ್ಯೂಟರ್ ಕೈಬಿಟ್ಟಿದೆ. ಕೆಲವು ಡ್ರೈವರ್‌ಗಳು ಮೊದಲ ಅಂಕಿಯನ್ನು ಕೊಡುವುದೇ ಇಲ್ಲ, ಸದಾ ಸೊನ್ನೆ ತೋರಿಸುತ್ತವೆ. ಹಾಗಿದ್ದರೆ ರೆಕಾರ್ಡಿಂಗ್ ನಡೆಯುವಾಗ ಹತ್ತಿಪ್ಪತ್ತು ಜಿಬಿಯ ಕಡತವೊಂದನ್ನು ಅದೇ ಡಿಸ್ಕ್‌ಗೆ ನಕಲಿಸಿ ನೋಡಿ. ಆ ಹೊತ್ತಿಗೇ ದೋಷ ಏರಿದರೆ ಕಂಪ್ಯೂಟರಿನದೇ ತಪ್ಪು.

ನಿಮ್ಮ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್ ಚೆನ್ನಾಗಿ ಓಡುತ್ತಿರುವುದರಿಂದ ಕಂಪ್ಯೂಟರ್ ಕಡೆಯಿಂದಲೇ ಶುರುಮಾಡಿ. ಚಂದನ ಒಂದೇ ವಾಹಿನಿಗೆ ಸೆಕೆಂಡಿಗೆ ಕೆಲವೇ ಮೆಗಾಬಿಟ್ ಸಾಕು. ಆದರೆ ಬಹಳಷ್ಟು ಯುಎಸ್‌ಬಿ ಟ್ಯೂನರ್‌ಗಳು ಆ ವಾಹಿನಿಯಿರುವ ಇಡೀ ಟ್ರಾನ್ಸ್‌ಪಾಂಡರನ್ನು (ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ವಾಹಿನಿ ಒಟ್ಟಿಗೆ ಬರುವ ಉಪಗ್ರಹದ ಕಾಲುವೆ) ಕಂಪ್ಯೂಟರಿಗೆ ಸುರಿಯುತ್ತವೆ. ಸೆಕೆಂಡಿಗೆ 29.5 ಮೆಗಾಸಿಂಬಲ್, 3/4 ಎಫ್‌ಇಸಿ (ನಾಲ್ಕು ಬಿಟ್‌ನಲ್ಲಿ ಮೂರು ಮಾಹಿತಿ, ಒಂದು ತಪ್ಪು ತಿದ್ದಲು) ಇರುವ, ಡಿವಿಬಿ-ಎಸ್ ಎಂಬ ಉಪಗ್ರಹ ಪ್ರಸಾರ ಮಾನಕದ ಟ್ರಾನ್ಸ್‌ಪಾಂಡರ್ ಎಂದರೆ ಸುಮಾರು 40 ಮೆಗಾಬಿಟ್. ಯುಎಸ್‌ಬಿ 2.0ಗೆ ಇದೇನೂ ಭಾರವಲ್ಲ, ಆದರೆ ಟ್ಯೂನರ್ ಒಳಗಿನ ಬಫರ್ (ಮಾಹಿತಿ ತುಸು ಹೊತ್ತು ತಂಗುವ ಜಾಗ) ಬಲು ಚಿಕ್ಕದು. ಕಂಪ್ಯೂಟರ್ ಕಣ್ಣುಮಿಟುಕಿಸುವಷ್ಟು ಹೊತ್ತು ಕೈಚಾಚದಿದ್ದರೂ ಅದು ತುಂಬಿ ಚೆಲ್ಲುತ್ತದೆ.

ನಡುವೆ ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಇದ್ದರೆ ಮೊದಲು ತೆಗೆಯಿರಿ. ಟ್ಯೂನರನ್ನು ಕಂಪ್ಯೂಟರಿನ ಹಿಂಬದಿಯ ಪೋರ್ಟ್‌ಗೆ ನೇರವಾಗಿ, ಒಂದು ಮೀಟರ್ ಮೀರದ ಕೇಬಲ್‌ನಲ್ಲಿ ಜೋಡಿಸಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ರೆಕಾರ್ಡ್ ಮಾಡುತ್ತಿದ್ದರೆ ಅದು ಟ್ಯೂನರ್‌ನ ಪಕ್ಕದ ಪೋರ್ಟ್‌ನಲ್ಲಿ ಬೇಡ, ಸಾಧ್ಯವಾದಷ್ಟು ದೂರದ ಪೋರ್ಟ್‌ನಲ್ಲಿರಲಿ. ಆಮೇಲೆ ವಿಂಡೋಸ್‌ನ ಪವರ್ ಆಪ್ಷನ್ಸ್‌ನ ಮುಂದುವರಿದ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್' ಎಂಬುದನ್ನು ನಿಲ್ಲಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಹಾರ್ಡ್‌ಡಿಸ್ಕ್ 20 ನಿಮಿಷ ಸುಮ್ಮನಿದ್ದರೆ ನಿದ್ರೆಗೆ ಹೋಗಲಿ ಎಂದು ವಿಂಡೋಸ್ ತಾನಾಗಿಯೇ ಇಟ್ಟುಕೊಂಡಿರುತ್ತದೆ. ಮಲಗಿದ ಡಿಸ್ಕ್ ಎದ್ದು ವೇಗಕ್ಕೆ ಬರಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಕಾರ್ಯಕ್ರಮದ ಆರಂಭವೇ ಹಾಳು. ಅದನ್ನೂ 'ಎಂದಿಗೂ ಬೇಡ' ಎಂದಿಡಿ. ರೆಕಾರ್ಡಿಂಗ್ ಫೋಲ್ಡರನ್ನು ಆಂಟಿವೈರಸ್‌ನ ತಪಾಸಣೆಯಿಂದ ಹೊರಗಿಡಿ, ಏಕೆಂದರೆ ಬೆಳೆಯುತ್ತಲೇ ಇರುವ ಕಡತವನ್ನು ಅದು ಮತ್ತೆ ಮತ್ತೆ ತಡವುತ್ತಿರುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರನ್ನು ಅರ್ಧ ಗಂಟೆ ಓಡಿಸಿ. ಯಾವ ಡ್ರೈವರ್ ಉಳಿದವರನ್ನು ಕಾಯಿಸುತ್ತಿದೆ ಎಂದು ಹೆಸರಿಟ್ಟು ತೋರಿಸುತ್ತದೆ. ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಸಿಕ್ಕಿಬಿದ್ದರೆ ಅದನ್ನು ಹೊಸದಕ್ಕೆ ಬದಲಿಸಿ.

ವಿದ್ಯುತ್ತಿನದೊಂದು ಮಾತು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್‌ನಲ್ಲಿ 500 ಮಿಲಿಆಂಪ್, ಅಂದರೆ 2.5 ವ್ಯಾಟ್. ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಬೇಕು. ಅದು 18 ವೋಲ್ಟ್‌ನಲ್ಲಿ 200 ಮಿಲಿಆಂಪ್ ಎಳೆದರೆ ಅದೊಂದೇ 3.6 ವ್ಯಾಟ್ ಆಯಿತು. ಇದಕ್ಕಾಗಿಯೇ ಉಪಗ್ರಹ ಟ್ಯೂನರ್‌ಗಳ ಜೊತೆ 12 ವೋಲ್ಟ್ ಅಡಾಪ್ಟರ್ ಕೊಡುತ್ತಾರೆ. ಅದು ಕೆಟ್ಟಾಗ ಸಿಕ್ಕಿದ ಅಡಾಪ್ಟರ್ ಚುಚ್ಚಿದವರಿಗೆ ನಿಮ್ಮಂಥ ತೊಂದರೆ ಬರುತ್ತದೆ: ಸಾಮಾನ್ಯ ಹೊತ್ತಿನಲ್ಲಿ ಸರಿ, ಮನೆಯ ವೋಲ್ಟೇಜ್ ಇಳಿದಾಗ ಒಡಕು. ಫ್ರಿಜ್ ಅಥವಾ ನೀರಿನ ಮೋಟರ್ ಶುರುವಾದ ಗಳಿಗೆಗೂ ಚಿತ್ರ ಒಡೆದ ಗಳಿಗೆಗೂ ತಾಳೆಯಾಗುತ್ತದೆಯೇ ನೋಡಿ. ತಾಳೆಯಾದರೆ ಕಂಪ್ಯೂಟರನ್ನೂ ಟ್ಯೂನರ್‌ನ ಅಡಾಪ್ಟರನ್ನೂ ಒಂದೇ ಯುಪಿಎಸ್‌ಗೆ ಹಾಕಿ.

ಪ್ರಶ್ನೆ: ನಮ್ಮಲ್ಲಿ ಎಲ್ಲ ವಾಹಿನಿಗಳೂ ಕೆಡುವುದಿಲ್ಲ, ನಾಲ್ಕೈದು ಮಾತ್ರ. ಸಿಗ್ನಲ್ ಶೇ 85 ತೋರಿಸುತ್ತದೆ. ಮಳೆಗಾಲದಲ್ಲಿ ತೀರಾ ಹೆಚ್ಚು. (ಉಡುಪಿಯ ಓದುಗರು)

ಉತ್ತರ: ಕಂಪ್ಯೂಟರ್ ಪ್ಯಾಕೆಟ್ ಬಿಡುವಾಗ ವಾಹಿನಿ ನೋಡಿ ಬಿಡುವುದಿಲ್ಲ. ಕೆಲವೇ ವಾಹಿನಿ ಕೆಡುತ್ತವೆ ಎಂದರೆ, ಮತ್ತು ಅವೆಲ್ಲ ಒಂದೇ ಟ್ರಾನ್ಸ್‌ಪಾಂಡರ್‌ನವು ಎಂದಾದರೆ, ತೊಂದರೆ ಟ್ಯೂನರಿಗೆ ಮುಂಚೆಯೇ ಇದೆ. ವಾಹಿನಿ ಪಟ್ಟಿಯಲ್ಲಿ ಅವುಗಳ ಫ್ರೀಕ್ವೆನ್ಸಿ ನೋಡಿ ಖಚಿತಪಡಿಸಿಕೊಳ್ಳಿ.

ಶೇ 85 ಎಂಬ ಅಂಕಿಯನ್ನು ನಂಬಬೇಡಿ. ಒಂದೊಂದು ಟ್ಯೂನರ್ ತನಗೆ ತೋಚಿದಂತೆ ಶೇಕಡಾ ಕಟ್ಟುತ್ತದೆ. ನೋಡಬೇಕಾದ್ದು ಡೆಸಿಬೆಲ್‌ನಲ್ಲಿರುವ ಎಸ್‌ಎನ್‌ಆರ್. ಡಿವಿಬಿ-ಎಸ್‌ನ ಮುಂದಿನ ಮಾನಕವಾದ ಡಿವಿಬಿ-ಎಸ್2ನಲ್ಲಿ 8ಪಿಎಸ್‌ಕೆ (ಅಲೆಯ ಮೇಲೆ ಮಾಹಿತಿ ಹೊರಿಸುವ ಒಂದು ವಿಧಾನ), 3/4 ಇರುವ ಟ್ರಾನ್ಸ್‌ಪಾಂಡರಿಗೆ ಕನಿಷ್ಠ ಸುಮಾರು 8 ಡೆಸಿಬೆಲ್ ಬೇಕು, ಇನ್ನೊಂದು ವಿಧಾನವಾದ ಕ್ಯೂಪಿಎಸ್‌ಕೆ 3/4ಕ್ಕೆ ಸುಮಾರು 4 ಸಾಕು. ಒಂದೇ ಡಿಶ್‌ನಲ್ಲಿ ಒಂದು ವಾಹಿನಿ ಬಂದು ಇನ್ನೊಂದು ಒಡೆಯಲು ಇದೂ ಕಾರಣವಿರಬಹುದು. ಕನಿಷ್ಠಕ್ಕಿಂತ 3 ಡೆಸಿಬೆಲ್ ಹೆಚ್ಚು ಕೈಯಲ್ಲಿಟ್ಟುಕೊಳ್ಳದಿದ್ದರೆ ಕರಾವಳಿಯ ಮಳೆಯಲ್ಲಿ ರೆಕಾರ್ಡಿಂಗ್ ನಿಲ್ಲದು. ಡಿಜಿಟಲ್‌ನಲ್ಲಿ ಚಿತ್ರ ಮೆಲ್ಲಗೆ ಮಸುಕಾಗುವುದಿಲ್ಲ. ಅಂಚಿನವರೆಗೂ ಚೊಕ್ಕವಾಗಿದ್ದು ಅಂಚು ದಾಟಿದ ಕೂಡಲೇ ಬಿದ್ದುಹೋಗುತ್ತದೆ.

ಎಲ್‌ಎನ್‌ಬಿ ಬಳಿಯ ಎಫ್ ಕನೆಕ್ಟರ್ (ಕೇಬಲ್ ತುದಿಯ ತಿರುಪಿನ ಜೋಡಣೆ) ಬಿಚ್ಚಿ ನೋಡಿ. ನಡುವಿನ ತಂತಿ ಹೊಳೆಯುವ ತಾಮ್ರದ ಬಣ್ಣದಲ್ಲಿರಬೇಕು. ಹಸಿರು ಕಿಲುಬು ಹಿಡಿದಿದ್ದರೆ, ತಂತಿ ಕಪ್ಪಾಗಿದ್ದರೆ, ಕನೆಕ್ಟರ್ ಒಳಗೆ ಬಿಳಿ ಪುಡಿ ಕಂಡರೆ ನೀರು ಒಳಗಿಳಿದಿದೆ. ಅಗ್ಗದ ಆರ್‌ಜಿ6 ಕೇಬಲ್‌ನ ಒಳತಂತಿ ತಾಮ್ರ ಲೇಪಿಸಿದ ಉಕ್ಕು. ಲೇಪ ಹೋದರೆ ಸಮುದ್ರದ ಗಾಳಿಗೆ ತುಕ್ಕು ಹಿಡಿಯಲು ತಡವಿಲ್ಲ. ಹಾಳಾದ ತುದಿಯಿಂದ ಅರ್ಧ ಮೀಟರ್ ಕತ್ತರಿಸಿ ಎಸೆಯಿರಿ. ಒಳಗಿನ ಲೋಹದ ಎಳೆಗಳ ಹೆಣಿಗೆ ಅಲ್ಲೂ ಕಪ್ಪಾಗಿದ್ದರೆ ಇಡೀ ಕೇಬಲ್ ಬದಲಿಸಬೇಕು, ಬೇರೆ ದಾರಿಯಿಲ್ಲ.

ಹೊಸ ಕನೆಕ್ಟರ್ ಹಾಕುವಾಗ ಹೊರ ಪ್ಲಾಸ್ಟಿಕ್ ಸೀಳಿ, ಹೆಣಿಗೆಯ ಎಳೆಗಳನ್ನು ಪೂರ್ತಿ ಹಿಂದಕ್ಕೆ ಮಡಚಿ. ಬಿಳಿ ಒಳಪದರ ಕನೆಕ್ಟರ್‌ನ ಒಳತಳಕ್ಕೆ ಸಮನಾಗಿ ನಿಲ್ಲಬೇಕು, ನಡುತಂತಿ ಅಂಚಿನಿಂದ 2 ಮಿಲಿಮೀಟರ್‌ನಷ್ಟು ಹೊರಗೆ ಚಾಚಿರಬೇಕು. ಕೂದಲಿನಂಥ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಎಲ್‌ಎನ್‌ಬಿಗೆ ಹೋಗುವ ವಿದ್ಯುತ್ ಶಾರ್ಟ್ ಆಗುತ್ತದೆ. ಆದ್ದರಿಂದ ಬೆಳಕಿಗೆ ಹಿಡಿದು ಸುತ್ತಲೂ ನೋಡಿಯೇ ಮುಚ್ಚಿ. ಕೈಯಲ್ಲಿ ತಿರುಗಿಸಿ ಕೂರಿಸುವ ಕನೆಕ್ಟರಿಗಿಂತ ಇಕ್ಕಳದಲ್ಲಿ ಒತ್ತುವ ಕಂಪ್ರೆಷನ್ ಕನೆಕ್ಟರ್ ಲೇಸು. ಮೇಲೆ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಆಗ ಪದರಗಳು ಹಂಚಿನ ಹಾಗೆ ನೀರನ್ನು ಹೊರಗೆ ಜಾರಿಸುತ್ತವೆ. ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಬಾಗು ಕೆಳಗೆ ಇಳಿಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಉದ್ದವೂ ಲೆಕ್ಕಕ್ಕಿದೆ: 30 ಮೀಟರ್ ಆರ್‌ಜಿ6 ಕೇಬಲ್ 950 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡೆಸಿಬೆಲ್ ನುಂಗಿದರೆ 2150ರಲ್ಲಿ ಸುಮಾರು 10 ನುಂಗುತ್ತದೆ.

ಮಳೆಯಿಲ್ಲದಾಗಲೂ ಅದೇ ಟ್ರಾನ್ಸ್‌ಪಾಂಡರ್ ಒಡೆಯುತ್ತಿದ್ದರೆ ಹತ್ತಿರದ ಮೊಬೈಲ್ ಟವರ್ ಮೇಲೆ ಅನುಮಾನ ಪಡಿ. ಎಲ್‌ಎನ್‌ಬಿ ಉಪಗ್ರಹದ ಫ್ರೀಕ್ವೆನ್ಸಿಯನ್ನು ಇಳಿಸಿ 950ರಿಂದ 2150 ಮೆಗಾಹರ್ಟ್ಸ್ ನಡುವೆ ಕೇಬಲ್‌ಗೆ ಕಳಿಸುತ್ತದೆ. ಮೊಬೈಲ್ ಟವರ್‌ಗಳು 1805ರಿಂದ 1880ರಲ್ಲಿ ಪ್ರಸಾರ ಮಾಡುತ್ತವೆ. 9750 ಎಂದು ಬರೆದಿರುವ ಎಲ್‌ಎನ್‌ಬಿಯಾದರೆ 11,555ರಿಂದ 11,630ರವರೆಗಿನ ಟ್ರಾನ್ಸ್‌ಪಾಂಡರ್‌ಗಳು ನೇರ ಅದೇ ಜಾಗಕ್ಕೆ ಬಂದು ಬೀಳುತ್ತವೆ. 11,600ರಿಂದ 9,750 ಕಳೆದರೆ 1,850, ನೀವೇ ಲೆಕ್ಕ ಹಾಕಿ. ಕೇಬಲ್ ಕವಚ ಚೆನ್ನಾಗಿದ್ದರೆ ಟವರಿನ ಅಲೆ ಒಳಬರಲಾರದು. ಸಡಿಲ ಕನೆಕ್ಟರ್, ಟೇಪ್ ಸುತ್ತಿದ ಜಾಯಿಂಟ್, ಲೋಹದ ಡಬ್ಬಿಯಿಲ್ಲದ ಸ್ಪ್ಲಿಟರ್, ಇವೇ ಅದಕ್ಕೆ ಬಾಗಿಲು. ನಡುವಿನ ಜಾಯಿಂಟ್‌ಗಳನ್ನೆಲ್ಲ ತೆಗೆದು ಒಂದೇ ತುಂಡು ಕೇಬಲ್ ಎಳೆದರೆ ಸಾಮಾನ್ಯವಾಗಿ ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ಮಾರ್ಚ್‌ನಲ್ಲಿ ಕೆಲವು ದಿನ ಬೆಳಗ್ಗೆ 11ರ ಹೊತ್ತಿಗೆ ಫ್ರೀ ಡಿಶ್ ರೆಕಾರ್ಡಿಂಗ್ ಪೂರ್ತಿ ಹಾಳಾಗಿತ್ತು, ಬಿಸಿಲು ಚೆನ್ನಾಗಿಯೇ ಇತ್ತು. ಆಮೇಲೆ ತಾನಾಗಿಯೇ ಸರಿಹೋಯಿತು. (ಮೈಸೂರಿನ ಓದುಗರು)

ಉತ್ತರ: ಆ ಬಿಸಿಲೇ ಕಾರಣ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ವರ್ಷಕ್ಕೆರಡು ಸಲ ಸೂರ್ಯ ಆ ಉಪಗ್ರಹದ ನೇರ ಹಿಂದೆ ಹಾದುಹೋಗುತ್ತಾನೆ. ಡಿಶ್ ಉಪಗ್ರಹದ ಜೊತೆಗೆ ಸೂರ್ಯನ ರೇಡಿಯೊ ಗದ್ದಲವನ್ನೂ ಹಿಡಿದು ಕೂರುತ್ತದೆ. ಬೆಂಗಳೂರು, ಮೈಸೂರು ಕಡೆ ಇದು ಮಾರ್ಚ್ ಮಧ್ಯದಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ ಬೆಳಗ್ಗೆ 11ರ ಆಸುಪಾಸು, ದಿನಕ್ಕೆ ಕೆಲವು ನಿಮಿಷ. ಬೀದರ್ ಕಡೆ ಮಾರ್ಚ್‌ನಲ್ಲಿ ಒಂದೆರಡು ದಿನ ಮೊದಲು, ಇನ್ನೊಂದು ಸಲ ಒಂದೆರಡು ದಿನ ತಡ. ಮಾಡುವಂಥದ್ದು ಏನೂ ಇಲ್ಲ. ಮರುಪ್ರಸಾರವಿದ್ದರೆ ಅದನ್ನು ರೆಕಾರ್ಡ್ ಮಾಡಿ, ಡಿಶ್ ಮಾತ್ರ ಮುಟ್ಟಬೇಡಿ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಮನೆಯ ಆಂಟೆನಾಗೆ ನೆಟ್‌ವರ್ಕ್ ಟ್ಯೂನರ್ ಜೋಡಿಸಿ, ಲ್ಯಾಪ್‌ಟಾಪ್‌ನಲ್ಲಿ ವೈಫೈ ಮೂಲಕ ಸ್ಥಳೀಯ ವಾಹಿನಿ ರೆಕಾರ್ಡ್ ಮಾಡುತ್ತೇನೆ. ಸಂಜೆಯ ರೆಕಾರ್ಡಿಂಗ್‌ಗಳೇ ಹೆಚ್ಚು ಕೆಡುತ್ತವೆ. (ನ್ಯೂಜೆರ್ಸಿಯ ಓದುಗರು)

ಉತ್ತರ: ವೈಫೈ ಬಿಡಿ, ತಂತಿ ಎಳೆಯಿರಿ. ಅಲ್ಲಿನ ಡಿಜಿಟಲ್ ಟಿ.ವಿ. ಮಾನಕವಾದ ಎಟಿಎಸ್‌ಸಿ 1.0 ಪ್ರಸಾರದ ಒಂದು ಚಾನೆಲ್ ಪೂರ್ತಿ 19.39 ಮೆಗಾಬಿಟ್. ವೈಫೈನ ಸರಾಸರಿ ವೇಗ ಇದರ ಹತ್ತು ಪಟ್ಟಿದ್ದರೂ ಸಂಜೆ ಅಕ್ಕಪಕ್ಕದ ಮನೆಯವರೆಲ್ಲ ಅದೇ ಗಾಳಿಯನ್ನು ಹಂಚಿಕೊಳ್ಳುವಾಗ ನಡುನಡುವೆ ಪ್ರವಾಹ ತಡೆದು ನಿಲ್ಲುತ್ತದೆ. ನೆಟ್‌ವರ್ಕ್‌ನಲ್ಲಿ ಮಾಹಿತಿ ಕಳಿಸುವ ಯುಡಿಪಿ ಎಂಬ ವಿಧಾನದಲ್ಲಿ ಕಳೆದ ಪ್ಯಾಕೆಟನ್ನು ಮತ್ತೆ ಕಳಿಸುವ ಪದ್ಧತಿಯೇ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಕಳೆದದ್ದನ್ನು ಮತ್ತೆ ಕಳಿಸುವ ಎಚ್‌ಟಿಟಿಪಿ ಆಯ್ಕೆಯಿದ್ದರೆ ಅದನ್ನು ಹಾಕಿಕೊಂಡರೆ ಸ್ವಲ್ಪ ತಾಳುತ್ತದೆ, ಆದರೆ ಟ್ಯೂನರ್‌ನ ಬಫರ್ ತುಂಬಿದರೆ ಅದೂ ಚೆಲ್ಲುತ್ತದೆ. ತಂತಿ ಹಾಕಿದ ಮೇಲೂ ಒಡೆದರೆ ಟ್ಯೂನರ್‌ನ ಪುಟದಲ್ಲಿ ಸಿಗ್ನಲ್ ಗುಣಮಟ್ಟ ನೋಡಿ. ಎಟಿಎಸ್‌ಸಿ 1.0ಕ್ಕೆ ಸುಮಾರು 15 ಡೆಸಿಬೆಲ್ ಅಂಚು. ಊರಿನ ಟಿ.ವಿ. ಪ್ರಸಾರದ ಟವರ್ ಹತ್ತಿರವಿದ್ದು ಆಂಪ್ಲಿಫೈಯರ್ ಹಾಕಿದ್ದರೆ ಅದನ್ನು ಕಳಚಿ ನೋಡಿ, ಅತಿಯಾದ ಸಿಗ್ನಲ್ ಕೂಡ ಟ್ಯೂನರನ್ನು ಕಂಗೆಡಿಸುತ್ತದೆ.

ಪ್ರಶ್ನೆ: ರೆಕಾರ್ಡಿಂಗ್‌ನಲ್ಲಿ ಎರಡು ಮೂರು ಕಡೆ ಒಡಕಿದೆ, ಅದನ್ನು ಸಹಿಸಬಹುದು. ಆದರೆ ಜಾಹೀರಾತು ಕತ್ತರಿಸಿ ಎಂಪಿ4 ಮಾಡಿದಾಗ ಒಡಕಿನ ನಂತರ ತುಟಿಗೂ ಮಾತಿಗೂ ಹೊಂದುವುದೇ ಇಲ್ಲ. (ಧಾರವಾಡದ ಓದುಗರು)

ಉತ್ತರ: ಮೂಲ ಕಡತ ಹಾಗೇ ಇದೆ ತಾನೆ? ಅದನ್ನು ಅಳಿಸಬೇಡಿ, ಸರಿಪಡಿಸುವುದು ಅದರಿಂದಲೇ.

ಪ್ರವಾಹದಲ್ಲಿ ಚಿತ್ರಕ್ಕೂ ಧ್ವನಿಗೂ ಬೇರೆಬೇರೆ ಕಾಲಮುದ್ರೆ ಇರುತ್ತದೆ. ಮೂಲ ಕಡತ ನೋಡುವಾಗ ಪ್ಲೇಯರ್ ಆ ಮುದ್ರೆ ನೋಡಿ ಎರಡನ್ನೂ ಹೊಂದಿಸುವುದರಿಂದ ಒಡಕು ದಾಟಿದ ಮೇಲೆ ಎಲ್ಲವೂ ಸರಿಯಿರುತ್ತದೆ. ಹಲವು ಪರಿವರ್ತಕ ಸಾಫ್ಟ್‌ವೇರ್‌ಗಳು ಮುದ್ರೆ ಬಿಟ್ಟು ಚೌಕಟ್ಟು ಎಣಿಸುತ್ತವೆ. ಒಡಕಿನಲ್ಲಿ 10 ಚೌಕಟ್ಟು ಕಳೆದು ಧ್ವನಿ ಅಷ್ಟು ಕಳೆಯದಿದ್ದರೆ, ಸೆಕೆಂಡಿಗೆ 25ರ ಲೆಕ್ಕದಲ್ಲಿ ಚಿತ್ರ 0.4 ಸೆಕೆಂಡ್ ಮುಂದೆ ಹೋಯಿತು. ಮುಂದಿನ ಒಡಕು ಇದಕ್ಕೆ ಮತ್ತಷ್ಟು ಸೇರಿಸುತ್ತದೆ.

ಹಾಗಾಗಿ ಕತ್ತರಿಸುವ ಮುಂಚೆ ದುರಸ್ತಿ ಆಗಬೇಕು. ಎಂಪೆಗ್-2 ವಾಹಿನಿಯ ಕಡತಕ್ಕೆ ಪ್ರಾಜೆಕ್ಟ್‌ಎಕ್ಸ್ ಎಂಬ ಹಳೆಯ ಉಚಿತ ಸಾಧನ ಈಗಲೂ ನಮ್ಮ ಮೊದಲ ಆಯ್ಕೆ. ಅದು ಓಡಲು ಕಂಪ್ಯೂಟರಿನಲ್ಲಿ ಜಾವಾ ಇರಬೇಕು. ಕಡತ ಕೊಟ್ಟು 'ಡೀಮಕ್ಸ್' ಒತ್ತಿದರೆ ಚಿತ್ರ, ಧ್ವನಿ ಬೇರೆಬೇರೆಯಾಗುತ್ತವೆ. ಕೆಟ್ಟ ಚೌಕಟ್ಟು ಬಿಸಾಡುತ್ತದೆ, ಧ್ವನಿ ಕಡಿಮೆಬಿದ್ದಲ್ಲಿ ಮೌನ ತುಂಬುತ್ತದೆ, ಹೆಚ್ಚಿದ್ದಲ್ಲಿ ಕತ್ತರಿಸುತ್ತದೆ, ಯಾವ ಹೊತ್ತಿನಲ್ಲಿ ಏನು ಮಾಡಿದೆ ಎಂದು ವರದಿ ಬರೆಯುತ್ತದೆ. ಆ ಎರಡನ್ನು ಮತ್ತೆ ಜೋಡಿಸಿ ಆಮೇಲೆ ಜಾಹೀರಾತು ತೆಗೆಯಿರಿ. ಎಂಪೆಗ್-4 ವಾಹಿನಿಗೆ ಇದು ನಡೆಯದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಲ್ಲಿ ಚಿತ್ರ, ಧ್ವನಿ ಎರಡಕ್ಕೂ 'ಕಾಪಿ' ಕೊಟ್ಟು, ಮರು-ಎನ್‌ಕೋಡ್ ಮಾಡದೆ ಎಂಕೆವಿ ಡಬ್ಬಿಗೆ (ಚಿತ್ರ, ಧ್ವನಿ ತುಂಬಿಡುವ ಕಡತದ ಮಾದರಿ) ವರ್ಗಾಯಿಸಿ. ಎಂಕೆವಿ ಮೂಲದ ಕಾಲಮುದ್ರೆಗಳನ್ನು ಉಳಿಸಿಕೊಳ್ಳುತ್ತದೆ. ಎಂಪಿ4 ಬೇಕೇಬೇಕೆಂದರೆ ಅದನ್ನು ಕೊನೆಯ ಹೆಜ್ಜೆಯಾಗಿ ಮಾಡಿ.

ಓಡಾಟವಿದ್ದಲ್ಲಿ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಂಡರೆ ಅದು ಒಡಕಲ್ಲ. ಒಂದು ಚೌಕಟ್ಟಿನಲ್ಲಿ ಎರಡು ಗಳಿಗೆಯ ಗೆರೆಗಳನ್ನು ಹೆಣೆದು ಕಳಿಸುವ ಇಂಟರ್‌ಲೇಸ್ ಪ್ರಸಾರದ ಸ್ವಭಾವ ಅದು. ಪ್ಲೇಯರ್‌ನಲ್ಲಿ 'ಡೀಇಂಟರ್‌ಲೇಸ್' ಹಾಕಿದರೆ ಸಾಕು, ಕಡತ ತಿದ್ದಬೇಡಿ.

ಪ್ರಶ್ನೆ: ರೆಕಾರ್ಡಿಂಗ್ ಪ್ರತಿ ಸಲ ಮೂರು ಗಂಟೆ ಹತ್ತಿಪ್ಪತ್ತು ನಿಮಿಷಕ್ಕೆ ನಿಂತುಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದೆ. (ತುಮಕೂರಿನ ಓದುಗರು)

ಉತ್ತರ: ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದೆ. ಅದರಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ. ಸೆಕೆಂಡಿಗೆ 3 ಮೆಗಾಬಿಟ್ ವಾಹಿನಿಗೆ ಅದು ಸರಿಯಾಗಿ 3 ಗಂಟೆ 11 ನಿಮಿಷ. ಒಳಗಿರುವುದನ್ನು ಬೇರೆಡೆ ನಕಲಿಸಿಟ್ಟು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಅದಕ್ಕಿಂತ ಒಳ್ಳೆಯದು ನೇರವಾಗಿ ಹಾರ್ಡ್‌ಡಿಸ್ಕ್‌ಗೆ ರೆಕಾರ್ಡ್ ಮಾಡುವುದು. ಬರೆಯುವಾಗ ಆಗಾಗ ತಡೆದು ನಿಲ್ಲುವುದು ಅಗ್ಗದ ಪೆನ್‌ಡ್ರೈವ್‌ಗಳ ಗುಣ.

ಪ್ರಶ್ನೆ: ಹಳೆಯ ಪಿಸಿಐ ಟ್ಯೂನರ್ ಕಾರ್ಡ್‌ಗೆ ಕೇಬಲ್‌ನವರ ತಂತಿ ಹಾಕಿದರೆ ಬರೀ ಹಿಮದಂಥ ಚುಕ್ಕಿ. ಇನ್ನೊಂದು, ಅದೇ ಕಾರ್ಡ್‌ನಲ್ಲಿ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇಳಿಸಿಕೊಂಡೆ. ಕೊನೆಗೆ ಬರುವಷ್ಟರಲ್ಲಿ ಮಾತು ಹಿಂದೆ ಬಿದ್ದಿರುತ್ತದೆ. (ಬಳ್ಳಾರಿಯ ಓದುಗರು)

ಉತ್ತರ: ಅದು ಅನಲಾಗ್ ಕಾರ್ಡ್. ಬೆಂಗಳೂರು, ಮೈಸೂರಿನ ಕೇಬಲ್ 2013ರಲ್ಲೇ ಡಿಜಿಟಲ್ ಆಯಿತು, ದೇಶದ ಉಳಿದ ಊರುಗಳಿಗೆ ಕೊನೆಯ ಗಡುವು 2017ರ ಮಾರ್ಚ್ 31 ಆಗಿತ್ತು. ಈಗ ಆ ತಂತಿಯಲ್ಲಿ ನಿಮ್ಮ ಕಾರ್ಡ್‌ಗೆ ಅರ್ಥವಾಗುವ ಸಿಗ್ನಲ್ ಇಲ್ಲ. ಡಿಜಿಟಲ್ ಕಾರ್ಡ್ ತಂದರೂ ಹಣ ಕಟ್ಟಿ ನೋಡುವ ವಾಹಿನಿಗಳು ಬೀಗ ಹಾಕಿಕೊಂಡೇ ಬರುತ್ತವೆ, ರೆಕಾರ್ಡ್ ಮಾಡಿದರೆ ಕಪ್ಪು ಪರದೆ ಮಾತ್ರ.

ಆದರೆ ಕ್ಯಾಸೆಟ್‌ಗೆ ಆ ಕಾರ್ಡ್‌ನ ಕಾಂಪೋಸಿಟ್ ಕಿಂಡಿ (ವಿಸಿಆರ್‌ನ ಚಿತ್ರದ ತಂತಿ ಚುಚ್ಚುವ ಜಾಗ) ಈಗಲೂ ಬೆಲೆಯುಳ್ಳದ್ದು. ಮೊದಲು ಕ್ಯಾಸೆಟ್‌ನ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬೂದಿಯಂಥ ಬಿಳಿ ಬೂಷ್ಟಿದ್ದರೆ ವಿಸಿಆರ್‌ಗೆ ಹಾಕಲೇಬೇಡಿ. ಅದು ಹೆಡ್‌ಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ, ಶುಚಿಮಾಡುವವರಿಗೇ ಕೊಡಿ. ಚೆನ್ನಾಗಿದ್ದರೆ ಒಮ್ಮೆ ಕೊನೆಯವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿ, ಅಂಟಿಕೊಂಡ ಪದರಗಳು ಬಿಡಿಸಿಕೊಳ್ಳುತ್ತವೆ.

ಮಾತು ಎಷ್ಟು ಹಿಂದೆ ಬಿದ್ದಿದೆ ಎಂದು ಆರಂಭದಲ್ಲಿ, 30ನೇ ನಿಮಿಷದಲ್ಲಿ, 60ನೇ ನಿಮಿಷದಲ್ಲಿ ಅಳೆಯಿರಿ. ಸಮನಾಗಿ ಏರುತ್ತಾ ಹೋದರೆ ಎರಡು ಗಡಿಯಾರಗಳ ಜಗಳ: ಚಿತ್ರದ ವೇಗವನ್ನು ವಿಸಿಆರ್ ನಡೆಸುತ್ತದೆ, ಧ್ವನಿಯದನ್ನು ಸೌಂಡ್ ಕಾರ್ಡ್ ನಡೆಸುತ್ತದೆ. ಹತ್ತು ಲಕ್ಷದಲ್ಲಿ ನೂರು ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 0.36 ಸೆಕೆಂಡ್ ಆಗುತ್ತದೆ. ವರ್ಚುವಲ್‌ಡಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಇಳಿಸಿಕೊಳ್ಳುವಾಗ ಟೈಮಿಂಗ್ ಆಯ್ಕೆಯಲ್ಲಿ ಧ್ವನಿಯನ್ನು ಚಿತ್ರಕ್ಕೆ ಹೊಂದಿಸುವ ರೀಸ್ಯಾಂಪಲ್ ಹಾಕಿ. ಈಗಾಗಲೇ ಇಳಿಸಿದ್ದಕ್ಕೆ, ಫ್ರೇಮ್ ರೇಟ್ ಕಿಟಕಿಯಲ್ಲಿ ಚಿತ್ರ ಮತ್ತು ಧ್ವನಿಯ ಅವಧಿ ಸಮ ಮಾಡುವ ಆಯ್ಕೆ ಇದೆ.

ಅಂತರ ಸಮನಾಗಿ ಏರದೆ ಒಂದೆರಡು ಕಡೆ ಥಟ್ಟನೆ ಜಿಗಿದಿದ್ದರೆ ಅಲ್ಲಿ ಚೌಕಟ್ಟು ಬಿದ್ದುಹೋಗಿದೆ. ನಮ್ಮ ಅನಲಾಗ್ ಟಿ.ವಿ. ಪದ್ಧತಿಯಾದ ಪಾಲ್‌ನ 720×576 ಚಿತ್ರ ಕುಗ್ಗಿಸದೆ ಬಂದರೆ ಸೆಕೆಂಡಿಗೆ ಸುಮಾರು 20.7 ಮೆಗಾಬೈಟ್, ಗಂಟೆಗೆ 75 ಜಿಬಿ. ಹಳೆಯ ಡಿಸ್ಕ್ ಇಷ್ಟಕ್ಕೆ ಎಡವುತ್ತದೆ. ಹಫ್‌ವೈಯುವಿ ಎಂಬ ಕೋಡೆಕ್ (ಚಿತ್ರ ಕುಗ್ಗಿಸುವ ಸಾಫ್ಟ್‌ವೇರ್) ಹಾಕಿದರೆ ಗುಣ ಕಳೆಯದೆ ಅರ್ಧದ ಸುಮಾರಿಗೆ ಇಳಿಯುತ್ತದೆ. ಡಿಸ್ಕ್ ಸರಿಯಿದ್ದೂ ಜಿಗಿತ ನಿಲ್ಲದಿದ್ದರೆ ಟೇಪ್ ಸವೆದು ಗೆರೆಗಳ ತಾಳ ತಪ್ಪಿದೆ. ವಿಸಿಆರ್‌ಗೂ ಕಾರ್ಡ್‌ಗೂ ನಡುವೆ ಟೈಮ್ ಬೇಸ್ ಕರೆಕ್ಟರ್ (ಗೆರೆಗಳ ತಾಳ ಸರಿಮಾಡುವ ಸಾಧನ) ಇಟ್ಟು ನೋಡಿ. ಅದು ಸಿಗದಿದ್ದರೆ ಹಳೆಯ ಡಿವಿಡಿ ರೆಕಾರ್ಡರ್ ಮೂಲಕ ಸಿಗ್ನಲ್ ಹಾಯಿಸಿ, ಕೆಲವು ಮಾದರಿಗಳು ಅದೇ ಕೆಲಸ ಮಾಡಿಕೊಡುತ್ತವೆ. ಜಿಗಿದ ಜಾಗಗಳು ಮೂರು ನಾಲ್ಕೇ ಇದ್ದರೆ ಕ್ಯಾಸೆಟನ್ನು ಆ ಜಾಗಗಳಲ್ಲಿ ತುಂಡು ತುಂಡಾಗಿ ಇಳಿಸಿ, ಪ್ರತಿ ತುಂಡಿನ ಧ್ವನಿಯನ್ನು ಬೇರೆಯಾಗಿ ಸರಿಸಿ ಹೊಂದಿಸಿ, ಆಮೇಲೆ ಒಂದಾಗಿ ಸೇರಿಸಿ.